ಸಮುದ್ರದ ಬದಿಗೆ ಗುಜರಿ ಕಬ್ಬಿಣದ ಬೆಳ್ಳಕ್ಕಿ: ರೂಪ ಎಲ್ಲಿಂದ ತರೋದು, ತುಕ್ಕಿಗೆ ಎಂತ ಮಾಡೋದು?

ಕುಡ್ಲದ_ಗುಜರಿ ಕೇಳಿದ್ದು:

ಮಲ್ಪೆ ಹತ್ತಿರ ಪಡುಕೆರೆ ಬದಿಯ ಒಂದು ಹೋಂಸ್ಟೇ ಅಂಗಳಕ್ಕೆ ಆರು ಅಡಿ ಎತ್ತರದ ಬೆಳ್ಳಕ್ಕಿ ಮಾಡಿ ಕೊಡಲಿಕ್ಕೆ ಉಂಟು. ಒಂಟಿ ಕಾಲಲ್ಲಿ ನಿಂತದ್ದೇ ಆಗಬೇಕಂತೆ. ಅಂಗಳದಿಂದ ನೀರಿಗೆ ಇನ್ನೂರು ಮೀಟರ್ ಸಹ ಇಲ್ಲ. ಕೈಯಲ್ಲಿರುವ ಸಾಮಾನು ಬೈಕಿನ ಚೈನು, ಸ್ಪ್ರಾಕೆಟ್, ಲಾರಿಯ ಲೀಫ್ ಸ್ಪ್ರಿಂಗ್, ಹಳೆ ಬೇರಿಂಗ್, ಬೋಟಿನ ಮುರಿದ ಫ್ಯಾನ್ (ಪ್ರೊಪೆಲ್ಲರ್) ಒಂದು, ಸ್ವಲ್ಪ ಜಿ.ಐ. (ಸತು ಲೇಪದ) ಪೈಪ್, ಎಂ.ಎಸ್. (ಸಾದಾ ಉಕ್ಕು) ರಾಡ್, ತಗಡು. ಮೆಷಿನ್ 200 ಆಂಪಿಯರಿನ ಇನ್ವರ್ಟರ್, 4 ಇಂಚಿನ ಗ್ರೈಂಡರ್.

ತಲೆಬಿಸಿ ಎರಡು. ಒಂದನೆಯದು, ಇಲ್ಲಿಯವರೆಗೆ ಮಾಡಿದ್ದೆಲ್ಲ ಇಂಟರ್ನೆಟ್ಟಿನಲ್ಲಿ ಕಾಣುವ ಚೈನಿನ ಹಕ್ಕಿ, ನಟ್ಟಿನ ರೋಬೋಟಿನ ಹಾಗೇ ಕಾಣ್ತದೆ. ಲೋಹದಲ್ಲಿ ಗಂಭೀರವಾಗಿ ಕೆಲಸ ಮಾಡುವವರು ರೂಪವನ್ನು ಎಲ್ಲಿಂದ ಎತ್ತುತ್ತಾರೆ, ಯೋಚನೆಯಿಂದ ವೆಲ್ಡಿಂಗ್‌ವರೆಗೆ ಅವರ ದಾರಿ ಎಂತದು? ಎರಡನೆಯದು, ತುಕ್ಕಿನ ಕೆಂಪು ಬಣ್ಣವನ್ನೇ ಉಳಿಸಿ ಮೇಲಿಂದ ಕ್ಲಿಯರ್ ಲ್ಯಾಕರ್ ಹೊಡೆದರೆ ನಾಲ್ಕೈದು ಮಳೆಗಾಲ ತಡೆಯಬಹುದಾ? ತಲೆಯನ್ನು ಕಂಚಿನಲ್ಲಿ ಎರಕ ಹೊಯ್ದು ಕೂರಿಸುವ ಆಸೆಯೂ ಉಂಟು.

ರೇಖೆ_ಮೊದಲು:

ಮೊದಲ ಪ್ರಶ್ನೆಗೆ ಮಾತ್ರ ಉತ್ತರ ಹೇಳ್ತೇನೆ. ತುಕ್ಕಿನ ವಿಷಯ ಗೊತ್ತಿರುವವರು ಇಲ್ಲಿ ಬೇರೆ ಇದ್ದಾರೆ.

ಚೈನಿನ ಹಕ್ಕಿಗಳೆಲ್ಲ ಒಂದೇ ಥರ ಕಾಣುವುದಕ್ಕೆ ಕಾರಣ, ನೋಡುವವನ ಕಣ್ಣು ಹಕ್ಕಿಗೆ ಮೊದಲು ಚೈನನ್ನು ಗುರುತಿಸಿಬಿಡ್ತದೆ. "ಓ, ಇದು ಸ್ಪ್ರಾಕೆಟ್, ಇದು ಪ್ಲಗ್" ಅಂತ ಲೆಕ್ಕ ಹಾಕುವುದರಲ್ಲೇ ಅವನ ನೋಟ ಮುಗಿಯಿತು. ಪಿಕಾಸೊ 1942ರಲ್ಲಿ ಮಾಡಿದ ಗೂಳಿಯ ತಲೆಯಲ್ಲಿ ಇರುವುದು ಸೈಕಲಿನ ಒಂದು ಸೀಟು, ಒಂದು ಹ್ಯಾಂಡಲ್, ಎರಡೇ. ಸೀಟು ಸೀಟಾಗಿಯೂ ಉಂಟು, ಮುಖವಾಗಿಯೂ ಉಂಟು, ಎರಡೂ ಒಂದೇ ಗಳಿಗೆಯಲ್ಲಿ. ನಲವತ್ತು ಬಗೆಯ ಸಾಮಾನು ಸುರಿದರೆ ಆ ಆಟ ನಡೆಯುವುದಿಲ್ಲ. ಒಂದು ಕೃತಿಗೆ ಮೂರು ಜಾತಿಯ ಸಾಮಾನಿಗಿಂತ ಹೆಚ್ಚು ಬೇಡ. ನಿಮ್ಮ ಪಟ್ಟಿಯಿಂದಾದರೆ ಲೀಫ್ ಸ್ಪ್ರಿಂಗ್, ರಾಡ್, ತಗಡು ಸಾಕು. ಚೈನನ್ನು ಬಿಡಿ ಅಂತಲೇ ಹೇಳ್ತೇನೆ, ಬೇಸರ ಮಾಡ್ಬೇಡಿ.

ಗುಜರಿಯನ್ನು ಜೋಡಿಸಿಡುವಾಗ "ಬೈಕಿನದ್ದು, ಲಾರಿಯದ್ದು" ಅಂತ ಬೇರೆ ಮಾಡಬೇಡಿ. ಗೆರೆ ಆಗುವಂಥದ್ದು (ರಾಡ್, ಕೇಬಲ್), ಬಾಗು ಇರುವಂಥದ್ದು (ಸ್ಪ್ರಿಂಗ್ ಪಟ್ಟಿ, ಮಡ್‌ಗಾರ್ಡ್), ಹರಹು ಇರುವಂಥದ್ದು (ತಗಡು, ಡ್ರಮ್ಮಿನ ತುಂಡು), ಗಟ್ಟಿ ಮುದ್ದೆ (ಹಬ್, ಬೇರಿಂಗ್) ಅಂತ ನಾಲ್ಕು ರಾಶಿ ಮಾಡಿ. ಆಗ ವಸ್ತುವಿನ ಹೆಸರು ಮರೆತು ಆಕಾರ ಮಾತ್ರ ಕಾಣಲಿಕ್ಕೆ ಶುರುವಾಗ್ತದೆ.

ಬೆಳ್ಳಕ್ಕಿಯನ್ನೇ ತೆಗೊಳ್ಳಿ. ಕೊಕ್ಕರೆ ಜಾತಿಯ ಹಕ್ಕಿಗಳ ಕತ್ತಿನಲ್ಲಿ ಆರನೇ ಎಲುಬು ಉಳಿದವುಗಳಿಗಿಂತ ಉದ್ದ. ಹಾಗಾಗಿ ಅದರ ಕತ್ತು ಹಾವಿನ ಹಾಗೆ ಬಳುಕುವುದಿಲ್ಲ, ಒಂದು ಕಡೆ ಮಡಚಿದ ಹಾಗೆ ಮುರಿಯುತ್ತದೆ. ಚೈನಿನಲ್ಲಿ ಮಾಡಿದ ನುಣುಪಾದ "ಎಸ್" ಆಕಾರ ಸುಳ್ಳಾಗಿ ಕಾಣುವುದು ಇಲ್ಲೇ. ಇನ್ನು ಕಾಲಿನ ನಡುವೆ ಹಿಂದಕ್ಕೆ ಬಾಗಿದ ಗಂಟನ್ನು ಎಲ್ಲರೂ ಮೊಣಕಾಲು ಅಂದುಕೊಳ್ಳುವುದು, ಅದು ಪಾದದ ಗಂಟು. ನಿಜವಾದ ಮೊಣಕಾಲು ಹೊಟ್ಟೆಯ ಗರಿಗಳ ಹತ್ತಿರ ಮೇಲೆ ಉಂಟು. ಈ ಎರಡು ಸಂಗತಿ ಸರಿಯಾದರೆ ಗರಿ ಒಂದೂ ಇಲ್ಲದೆ ಬೆಳ್ಳಕ್ಕಿ ನಿಲ್ತದೆ. ಉದ್ಯಾವರ ಹೊಳೆ ಬದಿಯಲ್ಲಿ ಬೆಳಿಗ್ಗೆ ಒಂದು ಗಂಟೆ ಕೂತರೆ ಬೇಕಾದಷ್ಟು ಸಿಗ್ತದೆ. ಫೋಟೋ ತೆಗೆಯುವುದಾದರೆ ಸೂರ್ಯನಿಗೆ ಎದುರಾಗಿ ತೆಗೆಯಿರಿ, ಬರೀ ಕಪ್ಪು ಆಕೃತಿ ಬರಲಿ.

ಆಮೇಲೆ ದಾರಿ ಹೀಗೆ. ಕಪ್ಪು ಶಾಯಿಯಲ್ಲಿ ಇಪ್ಪತ್ತು ಸಣ್ಣ ನೆರಳುಚಿತ್ರ, ಒಂದೊಂದಕ್ಕೆ ಐದು ನಿಮಿಷ, ಒಳಗಿನ ವಿವರ ಒಂದೂ ಬೇಡ. ಅದರಿಂದ ಎರಡು ಆರಿಸಿ 2 ಎಂ.ಎಂ. ತಂತಿ ಮತ್ತು ರಟ್ಟಿನಲ್ಲಿ ಹತ್ತನೇ ಒಂದು ಅಳತೆಯ ಮಾದರಿ, ಅಂದರೆ ಸುಮಾರು 18 ಸೆಂ.ಮೀ. ಅದನ್ನು ಸುತ್ತ ತಿರುಗಿಸಿ ಎಂಟು ದಿಕ್ಕಿನಿಂದ ನೋಡಿ. ಎರಡು ದಿಕ್ಕಿನಿಂದ ಚಂದ, ಆರು ದಿಕ್ಕಿನಿಂದ ಸತ್ತ ಹಾಗೆ ಕಂಡರೆ ಅದು ಚಿತ್ರ, ಶಿಲ್ಪ ಅಲ್ಲ. ಮಾದರಿ ಒಪ್ಪಿದ ಮೇಲೆ ಪೂರ್ತಿ ಅಳತೆಯಲ್ಲಿ ಪ್ಲೈವುಡ್ ಮೇಲೆ ಸೀಮೆಸುಣ್ಣದ ಗೆರೆ. ಗ್ರೈಂಡರ್ ಮುಟ್ಟುವುದು ಅದರ ನಂತರ. ಗುಜರಿ ಕೆಲಸಕ್ಕೆ ಇಷ್ಟೆಲ್ಲ ಎಂತಕ್ಕೆ ಅಂತ ಕೇಳುವವರಿದ್ದಾರೆ. ಪ್ಲಾನ್ ಇಲ್ಲದೆ ಕೈಗೆ ಸಿಕ್ಕಿದ್ದನ್ನು ಅಂಟಿಸುತ್ತಾ ಹೋದರೆ ಭಾರ ಯಾವಾಗಲೂ ಮೇಲೆ, ಮುಂದೆ ಸೇರ್ತದೆ. ಒಂಟಿ ಕಾಲಿನ ಹಕ್ಕಿಯಲ್ಲಿ ಅದು ಬಿದ್ದೇ ಬೀಳುವ ಲೆಕ್ಕ.

ಸ್ಫೂರ್ತಿ ಎಂಬ ದೊಡ್ಡ ಮಾತಿಗೆ ಬಂದರೆ, ವಿಷಯ ಹುಡುಕಬೇಡಿ, ಕಟ್ಟಿದ ರೀತಿ ನೋಡಿ. ಸ್ಪೇನಿನ ಶಿಲ್ಪಿ ಹುಲಿಯೊ ಗೊನ್ಸಾಲೆಸ್ 1918ರಲ್ಲಿ ಪ್ಯಾರಿಸ್ ಪಕ್ಕದ ರೆನೊ ಕಾರ್ಖಾನೆಯಲ್ಲಿ ಗ್ಯಾಸ್ ವೆಲ್ಡಿಂಗ್ ಕಲಿತವರು. ಹತ್ತು ವರ್ಷದ ಮೇಲೆ ಪಿಕಾಸೊಗೆ ಲೋಹದ ಕೆಲಸದಲ್ಲಿ ಕೈಜೋಡಿಸಿದರು. ಅಮೆರಿಕದ ಡೇವಿಡ್ ಸ್ಮಿತ್ ಸಹ ಕಾರಿನ ಕಾರ್ಖಾನೆಯಲ್ಲಿ ದುಡಿದವರೇ. ಮೀರಾ ಮುಖರ್ಜಿ ಬಸ್ತರಿಗೆ ಹೋಗಿ ಅಲ್ಲಿಯ ಎರಕದವರ ಹತ್ತಿರ ಮೇಣದ ಎಳೆ ಸುತ್ತುವುದನ್ನು ಕಲಿತು ಅದನ್ನೇ ದೊಡ್ಡ ಕಂಚಿನ ಶಿಲ್ಪದ ಭಾಷೆ ಮಾಡಿಕೊಂಡರು. ನಮ್ಮ ಕರಾವಳಿಗೆ ಹತ್ತಿರದ ಉದಾಹರಣೆ ಬೇಕಾದರೆ ಕಣ್ಣೂರು ಕಡೆಯ ಬಾಲನ್ ನಂಬಿಯಾರ್. ತೆಯ್ಯಂ, ಭೂತಾರಾಧನೆಯನ್ನು ವರ್ಷಗಟ್ಟಲೆ ದಾಖಲಿಸಿದವರು, ಸ್ಟೀಲಿನಲ್ಲಿ ಕೆಲಸ ಮಾಡಿದವರು. ದೈವದ ಮುಖವನ್ನು ಹಾಗೇ ನಕಲು ಮಾಡಲಿಲ್ಲ, ಅದರ ಹಿಂದಿನ ಸಮತೋಲ, ಜೋಡಣೆಯನ್ನು ಎತ್ತಿಕೊಂಡರು.

ಕಣ್ಣು ತೆರೆದರೆ ಇಲ್ಲೇ ಎಷ್ಟುಂಟು. ಮಂಗಳೂರಿನ ಬೊಕ್ಕಪಟ್ಣದಲ್ಲಿ ಕಟ್ಟುತ್ತಿರುವ ಬೋಟಿನ ಪಕ್ಕೆಲುಬು ನೋಡಿ, ಹಲಗೆ ಹೊಡೆಯುವ ಮೊದಲು. ಹಕ್ಕಿಯ ಮೈಗೆ ಅದಕ್ಕಿಂತ ಒಳ್ಳೆಯ ಅಸ್ಥಿಪಂಜರ ಬೇಕಾ? ಯಕ್ಷಗಾನದ ಬಣ್ಣದ ವೇಷದವರ ಮುಖದ ಮೇಲೆ ಅಕ್ಕಿಹಿಟ್ಟು, ಸುಣ್ಣದಲ್ಲಿ ಇಡುವ ಚಿಟ್ಟಿ ಉಂಟಲ್ಲ, ಸಾಲುಸಾಲಾಗಿ ಮುಳ್ಳಿನ ಹಾಗೆ ಎದ್ದಿರುವುದು, ಅದನ್ನು ವೆಲ್ಡಿಂಗ್ ರಾಡಿನ ಬೊಟ್ಟಿನಿಂದ ಮಾಡಬಹುದು. ಎದೆಯ ಗರಿಗೆ ಚೈನಿನ ಬದಲು ಅದು. ಕದ್ರಿ ದೇವಸ್ಥಾನದ ಲೋಕೇಶ್ವರ 968ರ ಕಂಚು, ಆಳುಪ ದೊರೆ ಕುಂದವರ್ಮನ ಕಾಲದ್ದು, ಮೂರು ಮುಖ ಆರು ಕೈ. ದರ್ಶನಕ್ಕೆ ನಿಂತಾಗ ಆರು ಕೈಗಳು ಭುಜದಿಂದ ಹೊರಡುವ ಜಾಗವನ್ನು ನೋಡಿ. ಅಷ್ಟು ಕೈಗಳಿದ್ದೂ ಭುಜ ಗೊಂದಲವಾಗಿಲ್ಲ. ಜೋಡಣೆ ಅಂದರೆ ಅದು.

ಒಂದು ಮಾತು ಬೇರೆ. ಹೋಂಸ್ಟೇಯವರು ನಾಳೆ "ಪಂಜುರ್ಲಿ ಮೊಗವೂ ಒಂದು ಮಾಡಿ, ಸ್ವಿಮ್ಮಿಂಗ್ ಪೂಲ್ ಹತ್ತಿರ ಇಡ್ತೇವೆ" ಅಂದಾರು. ಒಪ್ಪಬೇಡಿ. ಅದು ದೈವದ ಮುಖ, ಆರಾಧನೆಯ ವಸ್ತು, ಅಲಂಕಾರಕ್ಕೆ ಅಲ್ಲ. ಊರಿನವರ ಸಿಟ್ಟು ಬರುವುದು ನಿಮ್ಮ ಮೇಲೆಯೇ, ಬರಬೇಕಾದ್ದೂ ಹೌದು.

ಆರ್ಕ್_ಕಿಡಿ:

ಮಾರಾಯ್ರೆ, ರೂಪ ಆಯ್ತು, ಈಗ ಸಾಮಾನಿನ ಕಥೆ ಕೇಳಿ. ನಿಮ್ಮ ಪಟ್ಟಿಯಲ್ಲಿ ಸುಮ್ಮನೆ 6013 ವೆಲ್ಡಿಂಗ್ ರಾಡ್ ಹಿಡಿದು ಸುಟ್ಟರೆ ನಿಲ್ಲುವಂಥದ್ದು ಸಾಮಾನ್ಯ ಎಂ.ಎಸ್. ರಾಡ್, ತಗಡು ಮಾತ್ರ.

ಲೀಫ್ ಸ್ಪ್ರಿಂಗ್ ಕಾರ್ಬನ್ ಜಾಸ್ತಿ ಇರುವ ಉಕ್ಕು. ತಣ್ಣಗಿರುವಾಗ ವೆಲ್ಡ್ ಮಾಡಿದರೆ ಜಾಯಿಂಟಿನ ಬದಿ ಗಾಜಿನ ಹಾಗೆ ಗಡುಸಾಗ್ತದೆ. ರಾತ್ರಿ ಯಾರೂ ಇಲ್ಲದಾಗ "ಟಿಣ್" ಅಂತ ಬಿರುಕು ಬಿಡ್ತದೆ, ಬೆಳಿಗ್ಗೆ ಕೈಯಲ್ಲಿ ಎತ್ತಿದರೆ ಬಂತು ತುಂಡು. 250–300 ಡಿಗ್ರಿಗೆ ಮೊದಲೇ ಕಾಯಿಸಿ, 7018 ರಾಡಿನಲ್ಲಿ ಮಾಡಿ, ಮುಗಿದ ಕೂಡಲೇ ಒಣ ಸುಣ್ಣದ ಪುಡಿ ಅಥವಾ ಬೂದಿಯೊಳಗೆ ಹೂತು ನಿಧಾನ ತಣಿಸಿ. 7018 ಅಂದರೆ ತೇವ ಆಗದ ರಾಡ್ ಆಗಿರಬೇಕು. ನಮ್ಮ ಊರಿನ ಗಾಳಿಯಲ್ಲಿ ಪ್ಯಾಕೆಟ್ ಒಡೆದು ವಾರ ಬಿಟ್ಟರೆ ಮುಗಿಯಿತು. 300–350 ಡಿಗ್ರಿಯಲ್ಲಿ ಒಂದು ಗಂಟೆ ಒಣಗಿಸಿ ಬಿಸಿ ಇರುವಾಗಲೇ ಬಳಸಿ. 6013ಕ್ಕೆ ಅಷ್ಟು ಬೇಡ, 100 ಡಿಗ್ರಿ ಆಸುಪಾಸು ಒಂದು ಗಂಟೆ ಸಾಕು. 7018ರಷ್ಟು ಕಾಯಿಸಿದರೆ ಅದರ ಲೇಪ ಹಾಳಾಗ್ತದೆ.

ಬೇರಿಂಗ್ ಸಹ ಅದೇ ಜಾತಿ, ಇನ್ನೂ ಗಡುಸು. ಗುಂಡುಗಳನ್ನು ಟ್ಯಾಕ್ (ಚುಕ್ಕಿ ವೆಲ್ಡ್) ಮಾಡಿ ಕಣ್ಣು ಮಾಡುವುದು ಎಲ್ಲರ ಚಟ. ಒಂದು ಪೆಟ್ಟು ಬಿದ್ದರೆ ಹಾರಿ ಹೋಗ್ತದೆ. ಗುಂಡಿಗೆ ವೆಲ್ಡ್ ಬೇಡ, ತಗಡಿನಲ್ಲಿ ತೂತು ಮಾಡಿ ಒಳಗಿಂದ ಒತ್ತಿ ಹಿಂದಿನಿಂದ ಇನ್ನೊಂದು ತಗಡಿನಲ್ಲಿ ಮುಚ್ಚಿ. ಒಳಗಿನ ಗ್ರೀಸ್ ಪೂರ್ತಿ ಹೋಗದಿದ್ದರೆ ವೆಲ್ಡಿನಲ್ಲಿ ತೂತುತೂತು ಬರುವುದು ಗ್ಯಾರಂಟಿ.

ಎರಕದ ಕಬ್ಬಿಣ, ಅಂದರೆ ಹಳೆ ಪುಲ್ಲಿ, ಹೊಲಿಗೆ ಮೆಷಿನಿನ ಕಾಲು ಇಂಥದ್ದು ಬಂದರೆ ನಿಕ್ಕಲ್ ರಾಡ್ ಬೇಕು. ಒಂದು ಸಲಕ್ಕೆ ಒಂದು ಇಂಚು ಮಾತ್ರ ಎಳೆಯುವುದು, ಬಿಸಿ ಇರುವಾಗ ಸಣ್ಣ ಸುತ್ತಿಗೆಯಲ್ಲಿ ತಟ್ಟುವುದು, ಕೈ ಇಡುವಷ್ಟು ತಣಿದ ಮೇಲೆ ಇನ್ನೊಂದು ಇಂಚು. ಅವಸರ ಮಾಡಿದರೆ ಉದ್ದಕ್ಕೆ ಸೀಳ್ತದೆ. ಯಾವುದು ಎಂತ ಅಂತ ಗೊತ್ತಾಗದಿದ್ದರೆ ಗ್ರೈಂಡರ್ ಕಿಡಿ ನೋಡಿ. ಎಂ.ಎಸ್. ಉದ್ದ ಹಳದಿ ಕಿಡಿ, ಕವಲು ಕಡಿಮೆ. ಕಾರ್ಬನ್ ಹೆಚ್ಚಾದಷ್ಟು ಕಿಡಿಯ ತುದಿಯಲ್ಲಿ ನಕ್ಷತ್ರಕಡ್ಡಿ ಹಾಗೆ ಒಡೀತದೆ. ಎರಕದ್ದು ಗಿಡ್ಡ, ಕೆಂಪು.

ಬೋಟಿನ ಫ್ಯಾನ್ ಕಂಚು–ಹಿತ್ತಾಳೆ ಜಾತಿಯದ್ದು, ಆಯಸ್ಕಾಂತ ಹಿಡಿಯುವುದಿಲ್ಲ. ಅದನ್ನು ಕಬ್ಬಿಣಕ್ಕೆ ಆರ್ಕಿನಲ್ಲಿ ಸುಡಲಿಕ್ಕೆ ಹೋಗಬೇಡಿ. ಬೋಲ್ಟ್ ಹಾಕಿ, ಇಲ್ಲ ಕರಗಿಸುವವರಿಗೆ ಕೊಡಿ.

ಜಿ.ಐ. ಪೈಪ್ ಸುಡುವಾಗ ಬರುವ ಬಿಳಿ ಹೊಗೆ ಸತುವಿನದ್ದು. ಸಂಜೆ ಹೊತ್ತಿಗೆ ಚಳಿ, ಜ್ವರ, ಮೈಕೈ ನೋವು ಬರಿಸ್ತದೆ. ಜಾಯಿಂಟಿನ ಎರಡೂ ಬದಿ ಎರಡು ಇಂಚು ಸತು ಉಜ್ಜಿ ತೆಗೆದು, ಗಾಳಿ ಆಡುವ ಕಡೆ ಮಾಸ್ಕ್ ಹಾಕಿ ಮಾಡಿ. ಹಾಲು ಕುಡಿದರೆ ಆಯ್ತು ಅನ್ನುವುದೆಲ್ಲ ಸುಳ್ಳು. ಶಾಕ್ ಅಬ್ಸಾರ್ಬರ್, ಮುಚ್ಚಿದ ಸಿಲಿಂಡರ್, ಪೆಟ್ರೋಲ್ ಟ್ಯಾಂಕ್, ಡೀಸೆಲ್ ಡ್ರಮ್, ಇವಕ್ಕೆ ಕಟಿಂಗ್ ವೀಲ್ ತಾಗಿಸಲೇಬೇಡಿ. ತೊಳೆದ ಟ್ಯಾಂಕಿನ ಮಡಿಕೆಯಲ್ಲಿ ಉಳಿದ ಚೂರು ಎಣ್ಣೆ ಬಿಸಿಗೆ ಆವಿಯಾದರೂ ಸಿಡಿಯಲಿಕ್ಕೆ ಅಷ್ಟು ಸಾಕು.

ಸಾಮಾನಿಗೆ ಒಳ್ಳೆಯ ಸಮಯ ಜೂನ್, ಜುಲೈ. ಯಾಂತ್ರಿಕ ಮೀನುಗಾರಿಕೆಗೆ ರಜೆ ಇರುವುದರಿಂದ ಬೋಟುಗಳು ಮೇಲೆ ಬರ್ತವೆ, ರಿಪೇರಿಯಲ್ಲಿ ಶಾಫ್ಟ್, ಸರಪಳಿ, ವಿಂಚಿನ ಸಾಮಾನು ಗುಜರಿಗೆ ಬೀಳ್ತದೆ. ಆದರೆ ಅದರಲ್ಲಿ ಉಪ್ಪು ಕೂತಿರ್ತದೆ, ಅದನ್ನು ಕೆಳಗಿನವರು ಹೇಳಲಿ.

ಉಪ್ಪುಗಾಳಿ:

ಎರಡನೇ ಪ್ರಶ್ನೆಗೆ ನೇರ ಉತ್ತರ: ತಡೆಯುವುದಿಲ್ಲ. ನಾಲ್ಕೈದು ಮಳೆಗಾಲ ಬಿಡಿ, ಒಂದು ದಾಟಿದರೆ ಹೆಚ್ಚು.

ತುಕ್ಕು ಬಣ್ಣವಲ್ಲ, ಸ್ಪಂಜು. ಅದರ ಒಳಗೆ ನೀರು, ಉಪ್ಪು ಎರಡೂ ಕೂತಿರ್ತವೆ. ಮೇಲಿಂದ ಲ್ಯಾಕರ್ ಹೊಡೆದರೆ ಅವನ್ನು ಒಳಗೆ ಹಾಕಿ ಬಾಗಿಲು ಮುಚ್ಚಿದ ಹಾಗೆ. ಕೆಳಗೆ ತುಕ್ಕು ಬೆಳೆದು ಪದರ ಎದ್ದು ಬರ್ತದೆ. "ಕಾರ್‌ಟೆನ್ ಉಕ್ಕು ತುಕ್ಕು ಹಿಡಿದೇ ನಿಲ್ತದಲ್ಲ" ಅಂತ ಕೇಳುವವರಿಗೆ: ಅದರ ತುಕ್ಕು ಗಟ್ಟಿಯಾಗಬೇಕಾದರೆ ನೆನೆದು ಒಣಗಿ, ನೆನೆದು ಒಣಗಿ ಆಗಬೇಕು, ಗಾಳಿಯಲ್ಲಿ ಉಪ್ಪು ಕಡಿಮೆ ಇರಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಒಣಗುವ ಮಾತೇ ಇಲ್ಲ, ಉಪ್ಪಂತೂ ವರ್ಷಪೂರ್ತಿ. ಸಮುದ್ರದಿಂದ ಇನ್ನೂರು ಮೀಟರಿನಲ್ಲಿ ಅದು ಪದರ ಪದರವಾಗಿ ಉದುರ್ತದೆ. ಬೆಂಗಳೂರಿನಲ್ಲಿ ಚಂದ, ಪಡುಕೆರೆಯಲ್ಲಿ ಅಲ್ಲ. ತುಕ್ಕಿನ ಬಣ್ಣ ಬೇಕೇ ಬೇಕಾದರೆ ಪೇಂಟ್ ಪದ್ಧತಿ ಪೂರ್ತಿ ಮಾಡಿ, ಕೊನೆಯ ಕೋಟಿನಲ್ಲಿ ಎರಡು ಮೂರು ಕಂದು–ಕಿತ್ತಳೆ ಛಾಯೆಯನ್ನು ಸ್ಪಂಜಿನಲ್ಲಿ ತಟ್ಟಿ ತನ್ನಿ. ಆದರೆ ಬೆಳ್ಳಕ್ಕಿಗೆ ಕೆಂಪು ಎಂತಕ್ಕೆ ಅಂತ ನನಗೆ ಅರ್ಥ ಆಗಲಿಲ್ಲ.

ಪೇಂಟಿಗೆ ಮೊದಲು ಆಕಾರ. ನೀರು ನಿಲ್ಲುವ ಒಂದು ಜಾಗವೂ ಇರಬಾರದು. ರೆಕ್ಕೆಯ ಪಟ್ಟಿಗಳನ್ನು ಒಂದರ ಮೇಲೊಂದು ಹೊದಿಸಿ ನಾಲ್ಕು ಕಡೆ ಟ್ಯಾಕ್ ಮಾತ್ರ ಹೊಡೆದರೆ ನಡುವಿನ ಸೀಳಿಗೆ ಪೇಂಟ್ ಹೋಗುವುದಿಲ್ಲ, ಉಪ್ಪುನೀರು ಹೋಗ್ತದೆ. ಎರಡನೇ ವರ್ಷ ಅಲ್ಲಿಂದ ಕಂದು ನೀರು ಇಳಿಯಲಿಕ್ಕೆ ಶುರು. ಒಂದೋ ಸುತ್ತಲೂ ಪೂರ್ತಿ ವೆಲ್ಡ್ ಮಾಡಿ ಮುಚ್ಚಿ, ಇಲ್ಲ ಬ್ರಷ್ ಹೋಗುವಷ್ಟು, ಕಡಿಮೆ ಅಂದರೆ 12–15 ಎಂ.ಎಂ. ಅಂತರ ಬಿಡಿ. ನಡುವಿನದ್ದು ಬೇಡ. ಚೈನು ಬೇಡ ಅಂತ ಮೇಲಿನವರು ಚಂದಕ್ಕೆ ಹೇಳಿದರು, ನಾನು ಇದೇ ಕಾರಣಕ್ಕೆ ಹೇಳ್ತೇನೆ: ಚೈನಿನ ಒಂದೊಂದು ಕೊಂಡಿಯೂ ಒಂದು ಸೀಳು. ಹೊಟ್ಟೆ ಟೊಳ್ಳಾಗಿದ್ದರೆ ಎಲ್ಲಕ್ಕಿಂತ ತಗ್ಗಿನ ಜಾಗದಲ್ಲಿ 10 ಎಂ.ಎಂ. ತೂತು ಎರಡು. ತಗಡು 3 ಎಂ.ಎಂ.ಗಿಂತ ತೆಳು ಬೇಡ. ಚೂಪು ಅಂಚುಗಳನ್ನು 2 ಎಂ.ಎಂ. ಸುತ್ತು ಬರುವ ಹಾಗೆ ಉಜ್ಜಿ. ಚೂಪು ಅಂಚಿನಲ್ಲಿ ಪೇಂಟ್ ನಿಲ್ಲದೆ ತೆಳುವಾಗಿ ಹರಿದುಬಿಡ್ತದೆ, ತುಕ್ಕು ಯಾವಾಗಲೂ ಅಂಚಿನಿಂದಲೇ ಹತ್ತುವುದು.

ಬೋಟಿನ ಗುಜರಿಯನ್ನು ಮೊದಲು ಸಿಹಿನೀರಿನಲ್ಲಿ ಪ್ರೆಶರ್ ವಾಶ್, ಬ್ಲಾಸ್ಟಿಂಗ್ (ಗಾಳಿಯ ಒತ್ತಡದಲ್ಲಿ ಹರಳು ಹೊಡೆದು ತುಕ್ಕು ಕೀಳುವುದು), ಮತ್ತೆ ಸಿಹಿನೀರು, ಮತ್ತೆ ಬ್ಲಾಸ್ಟಿಂಗ್. ಬ್ಲಾಸ್ಟ್ ಮಾಡಿ ಬೆಳ್ಳಗಾದ ಕಬ್ಬಿಣದ ಮೇಲೆ ಒಂದು ರಾತ್ರಿಯಲ್ಲಿ ಚುಕ್ಕಿಚುಕ್ಕಿ ಕಪ್ಪು ಕಲೆ ಎದ್ದರೆ ಗುಳಿಯೊಳಗೆ ಉಪ್ಪು ಉಂಟು ಅಂತ ಅರ್ಥ, ಪೇಂಟ್ ಹೊಡೆಯಬೇಡಿ.

ಪೇಂಟ್: ಸಾ 2½ ಮಟ್ಟದ (ಹೆಚ್ಚುಕಡಿಮೆ ಪೂರ್ತಿ ಬರೀ ಲೋಹ ಕಾಣುವಷ್ಟು) ಬ್ಲಾಸ್ಟಿಂಗ್, ಅದೇ ದಿನ ಸತು ತುಂಬಿದ ಇಪಾಕ್ಸಿ ಪ್ರೈಮರ್ 75 ಮೈಕ್ರಾನ್, ನಡುವೆ ಎಂ.ಐ.ಒ. (ಚಪ್ಪಟೆ ಕಣದ ಕಬ್ಬಿಣದ ಆಕ್ಸೈಡ್ ಸೇರಿಸಿದ) ಇಪಾಕ್ಸಿ 125 ಮೈಕ್ರಾನ್, ಮೇಲೆ ಪಾಲಿಯುರೆಥೇನ್ 50 ಮೈಕ್ರಾನ್. ಒಣಗಿದ ಮೇಲೆ ಒಟ್ಟು 250. ವೆಲ್ಡ್, ಅಂಚು, ತೂತಿನ ಬಾಯಿ, ಇಷ್ಟಕ್ಕೆ ಸ್ಪ್ರೇಗಿಂತ ಮೊದಲು ಬ್ರಷ್ಷಿನಲ್ಲಿ ಒಂದು ಕೈ ಹೆಚ್ಚು. ವೈರ್ ಬ್ರಷ್ಷಿನಲ್ಲಿ ಮಾತ್ರ ಉಜ್ಜಿ ಮಾಡುವುದಾದರೆ ಸತುವಿನ ಪ್ರೈಮರಿಗೆ ದುಡ್ಡು ಹಾಕಬೇಡಿ. ಸತು ತುಕ್ಕಿಲ್ಲದ ಬರೀ ಕಬ್ಬಿಣವನ್ನು ಮುಟ್ಟಿದರೆ ಮಾತ್ರ ಕೆಲಸ ಮಾಡುವುದು. ಆಗ ಇಪಾಕ್ಸಿ ಮಾಸ್ಟಿಕ್ (ಅರೆಬರೆ ಉಜ್ಜಿದ ಮೈಗೂ ಹಿಡಿಯುವ ದಪ್ಪ ಇಪಾಕ್ಸಿ) ವಾಸಿ, ಆಯುಷ್ಯ ಕಡಿಮೆ. ಪಾಲಿಯುರೆಥೇನ್ ಬಿಟ್ಟು ಇಪಾಕ್ಸಿಯಲ್ಲೇ ನಿಲ್ಲಿಸಿದರೆ ಬಿಸಿಲಿಗೆ ಸುಣ್ಣದ ಹಾಗೆ ಪುಡಿ ಬರ್ತದೆ. ಕೆಲಸದ ಕಾಲ ನವೆಂಬರಿನಿಂದ ಫೆಬ್ರವರಿ. ಗಾಳಿಯ ತೇವ 85 ಶೇಕಡಾಕ್ಕಿಂತ ಕೆಳಗೆ, ಲೋಹದ ಬಿಸಿ ಇಬ್ಬನಿ ಕೂರುವ ಉಷ್ಣತೆಗಿಂತ 3 ಡಿಗ್ರಿ ಮೇಲೆ ಇರಬೇಕು. ಬೆಳಿಗ್ಗೆ ಹತ್ತರ ಮೊದಲು, ಸಂಜೆ ನಾಲ್ಕರ ಮೇಲೆ ಸ್ಪ್ರೇ ಗನ್ ಎತ್ತಬೇಡಿ.

ಈಗ ಕಾಲು. ಕಟ್ಟಡಗಳ ರಾಷ್ಟ್ರೀಯ ಕೋಡ್ ಪ್ರಕಾರ ಮಂಗಳೂರು ಕಡೆಗೆ ಗಾಳಿಯ ಮೂಲ ವೇಗ ಸೆಕೆಂಡಿಗೆ 39 ಮೀಟರ್. ಒತ್ತಡ = 0.6 × 39 × 39, ಅಂದರೆ ಚದರ ಮೀಟರಿಗೆ ಸುಮಾರು 912 ನ್ಯೂಟನ್. ಹಕ್ಕಿಯ ಬದಿಯ ಹರಹು ಅರ್ಧ ಚದರ ಮೀಟರ್, ಆಕಾರದ ಗುಣಕ 1.3 ಇಟ್ಟರೆ ತಳ್ಳುವ ಬಲ 593 ನ್ಯೂಟನ್, ನಮ್ಮ ಲೆಕ್ಕದಲ್ಲಿ 60 ಕೆ.ಜಿ. ಅದು ನೆಲದಿಂದ 1.3 ಮೀಟರ್ ಮೇಲೆ ತಳ್ಳುತ್ತದೆ ಅಂದರೆ ಕಾಲಿನ ಬುಡಕ್ಕೆ 770 ನ್ಯೂಟನ್ ಮೀಟರ್. 32 ಎಂ.ಎಂ. ಗಟ್ಟಿ ರಾಡ್ ಹಾಕಿದರೆ ಒಳಗಿನ ಒತ್ತಡ ಚದರ ಎಂ.ಎಂ.ಗೆ 240 ನ್ಯೂಟನ್. ಸಾಮಾನ್ಯ ಎಂ.ಎಸ್. ಬಾಗಿ ನಿಲ್ಲುವುದು 250ಕ್ಕೆ. ಹಾಗಾಗಿ 32 ಆಗುವುದಿಲ್ಲ. 40 ಎಂ.ಎಂ.ನಲ್ಲಿ ಅದೇ 123ಕ್ಕೆ ಇಳೀತದೆ, ಅದು ಸರಿ. ತೂಕ ಮೀಟರಿಗೆ ಹತ್ತು ಕೆ.ಜಿ. ಹತ್ತಿರ. ಪೈಪ್ ಬೇಡ, ಒಳಗಿಂದ ತಿಂದರೆ ಬೀಳುವ ದಿನದವರೆಗೆ ಗೊತ್ತಾಗುವುದಿಲ್ಲ.

ಅಡಿಗೆ 400 × 400, 12 ಎಂ.ಎಂ. ಪ್ಲೇಟು, 16 ಎಂ.ಎಂ.ನ ನಾಲ್ಕು ಆಂಕರ್ ಬೋಲ್ಟ್. ಅದರ ಕೆಳಗೆ 700 × 700 × 600 ಎಂ.ಎಂ. ಕಾಂಕ್ರೀಟ್ ಗಟ್ಟಿ, ತೂಕ 700 ಕೆ.ಜಿ. ಬರ್ತದೆ. ಮಗುಚುವ ಬಲಕ್ಕೆ ಎರಡು ಪಟ್ಟು ತಡೆ. ಮೇಲ್ಮೈ ನೆಲಕ್ಕಿಂತ 100 ಎಂ.ಎಂ. ಎತ್ತರ, ಹೊರಗೆ ಇಳಿಜಾರು. ಕಬ್ಬಿಣದ ಕಾಲನ್ನು ನೇರ ಕಾಂಕ್ರೀಟಿನೊಳಗೆ ಹೂಳುವವರಿದ್ದಾರೆ. ಕಬ್ಬಿಣ, ಕಾಂಕ್ರೀಟ್, ಗಾಳಿ ಮೂರೂ ಸೇರುವ ಗೆರೆಯಲ್ಲೇ ಅದು ಮೊದಲು ತುಂಡಾಗುವುದು.

ಆರ್ಕ್_ಕಿಡಿ:

ಇಷ್ಟೆಲ್ಲ ಪೇಂಟಿನ ಬದಲು ಹಾಟ್ ಡಿಪ್ ಗ್ಯಾಲ್ವನೈಸ್ (ಕರಗಿದ ಸತುವಿನಲ್ಲಿ ಮುಳುಗಿಸುವುದು) ಮಾಡಿಸಿದರೆ ಒಂದೇ ಸಲಕ್ಕೆ ಮುಗೀತದಲ್ಲ? ಒಳಗೂ ಹೊರಗೂ ಸತು ಕೂರ್ತದೆ.

ಉಪ್ಪುಗಾಳಿ:

ಹೊಸ ಎಂ.ಎಸ್.ನಲ್ಲಿ ಮಾಡಿದ ಕೆಲಸಕ್ಕೆ ಹೌದು, ಒಳ್ಳೆಯದು. ಗುಜರಿಗೆ ಮೂರು ತೊಂದರೆ. ಸ್ಪ್ರಿಂಗ್ ಉಕ್ಕಿನಲ್ಲಿ ಸಿಲಿಕಾನ್ ಜಾಸ್ತಿ, ಅಲ್ಲಿ ಸತು ದಪ್ಪವಾಗಿ, ಬೂದು ಬಣ್ಣದಲ್ಲಿ ಬೆಳೆದು ಪೆಟ್ಟಿಗೆ ಉದುರ್ತದೆ. ಪಕ್ಕದ ಎಂ.ಎಸ್. ಬೆಳ್ಳಿ ಹಾಗೆ, ಇದು ಬೂದಿ ಹಾಗೆ, ಹಕ್ಕಿ ಚರ್ಮರೋಗ ಬಂದಂತೆ ಕಾಣ್ತದೆ. ಎರಡು, 450 ಡಿಗ್ರಿಯ ತೊಟ್ಟಿಯಲ್ಲಿ ಮುಳುಗಿಸುವಾಗ ತೆಳು ತಗಡು ಸೊಟ್ಟ ಆಗ್ತದೆ. ಮೂರು ಮುಖ್ಯ: ಗಾಳಿ ಹೋಗಲು ತೂತಿಲ್ಲದ ಟೊಳ್ಳು ಭಾಗ ಇದ್ದರೆ ತೊಟ್ಟಿಯಲ್ಲೇ ಸಿಡೀತದೆ, ನಿಂತವನ ಜೀವಕ್ಕೆ ಅಪಾಯ. ಇಂಥ ಮಿಶ್ರ ಸಾಮಾನನ್ನು ಯಾವ ಘಟಕದವರೂ ಸುಲಭದಲ್ಲಿ ಒಪ್ಪಿಕೊಳ್ಳುವುದಿಲ್ಲ, ಒಪ್ಪಬಾರದು ಸಹ.

ಸ್ಟೇನ್‌ಲೆಸ್ ಯೋಚನೆ ಇದ್ದರೆ 304 ದರ್ಜೆ ಬೇಡ, ಒಂದು ವರ್ಷದಲ್ಲಿ ಚಹಾದ ಕಲೆ ಹಾಗೆ ಕಂದು ಬಣ್ಣ ಹಿಡೀತದೆ. 316ರಲ್ಲಿ ಮಾಲಿಬ್ಡಿನಮ್ 2–3 ಶೇಕಡಾ ಇರುವುದರಿಂದ ಉಪ್ಪಿಗೆ ತಡೆ ಹೆಚ್ಚು. ಕಬ್ಬಿಣಕ್ಕೆ ಉಪಯೋಗಿಸಿದ ಡಿಸ್ಕನ್ನು ಅದಕ್ಕೆ ಮುಟ್ಟಿಸಬೇಡಿ. ಕಬ್ಬಿಣದ ಪುಡಿ ಕಚ್ಚಿಕೊಂಡು ಅದೇ ತುಕ್ಕು ಹಿಡೀತದೆ, ಆಮೇಲೆ "ಎಸ್.ಎಸ್. ಡೂಪ್ಲಿಕೇಟ್" ಅಂತ ಅಂಗಡಿಯವನಿಗೆ ಬೈಯುವುದು.

ಮೇಣದಚ್ಚು:

ಕಂಚಿನ ತಲೆಯ ವಿಷಯ. ಆಸೆ ಒಳ್ಳೆಯದು, ಆದರೆ ಮೈಗೆ ಸತುವಿನ ಪ್ರೈಮರ್ ಹಾಕಿ ಮೇಲೆ ಕಂಚು ಕೂರಿಸುವುದರಲ್ಲಿ ಒಂದು ಸಿಕ್ಕು ಉಂಟು. ಕಂಚಿನ ಮೇಲೆ ಬಿದ್ದ ಮಳೆನೀರು ತಾಮ್ರವನ್ನು ಕರಗಿಸಿಕೊಂಡು ಕೆಳಗೆ ಇಳೀತದೆ. ಪೇಂಟ್ ಎಲ್ಲಿ ಗೀರಿದೆಯೋ ಅಲ್ಲಿ ಆ ನೀರು ಸತುವನ್ನೂ ಕಬ್ಬಿಣವನ್ನೂ ಬೇಗ ತಿನ್ನುತ್ತದೆ. ಕೊಕ್ಕನ್ನು ಮುಂದಕ್ಕೆ ಚಾಚಿ, ನೀರು ಕೊಕ್ಕಿನ ತುದಿಯಿಂದ ನೆಲಕ್ಕೇ ತೊಟ್ಟಿಕ್ಕುವ ಹಾಗೆ ತಲೆಯನ್ನು ಸ್ವಲ್ಪ ತಗ್ಗಿಸಿ. ಬೇಟೆ ನೋಡುವ ಬೆಳ್ಳಕ್ಕಿ ನಿಲ್ಲುವುದೂ ಹಾಗೆಯೇ ಅಲ್ವಾ. ಕತ್ತಿಗೂ ತಲೆಗೂ ನಡುವೆ ನೈಲಾನ್ ಬುಶ್, ವಾಶರ್, ಸೀಲಂಟ್. ಲೋಹಕ್ಕೆ ಲೋಹ ಮುಟ್ಟಬಾರದು, ಬೋಲ್ಟ್ 316ರದ್ದು.

ಎರಕ ಅಂದರೆ ತಲೆಯನ್ನು ಮೊದಲು ಮೇಣದಲ್ಲಿ ಮಾಡಿ, ಮೇಲೆ ಮಣ್ಣು ಬಳಿದು, ಮೇಣ ಕರಗಿಸಿ ತೆಗೆದ ಟೊಳ್ಳಿಗೆ ಲೋಹ ಹೊಯ್ಯುವುದು. ಅದಕ್ಕೆ ಲೆಕ್ಕ ಇದು. ಮೇಣದ ಒಂಬತ್ತು ಪಟ್ಟು ಲೋಹ. ಮೇಣದ ತಲೆ 200 ಗ್ರಾಂ ತೂಗಿದರೆ ಲೋಹ 1.8 ಕೆ.ಜಿ., ಹೊಯ್ಯುವ ದಾರಿ, ಬಟ್ಟಲು ಸೇರಿ 2.5 ಕೆ.ಜಿ. ಕರಗಿಸಬೇಕು. ತಣಿಯುವಾಗ ಒಂದೂವರೆಯಿಂದ ಎರಡು ಶೇಕಡಾ ಕುಗ್ಗುತ್ತದೆ, ಕತ್ತಿನ ರಾಡ್ ಕೂರುವ ತೂತನ್ನು ಅದಕ್ಕೆ ಸರಿಯಾಗಿ ದೊಡ್ಡದು ಮಾಡಿ. ಜೇನುಮೇಣ, ಗುಗ್ಗುಳದ ರಾಳ, ಸ್ವಲ್ಪ ಕಡಲೆಕಾಯಿ ಎಣ್ಣೆ ಸೇರಿಸಿ ಹದ ಮಾಡುವುದು ಹಳೆಯ ಕ್ರಮ. ಸೆಕೆಗಾಲದ ಮಧ್ಯಾಹ್ನ ಮೇಣ ಮೆತ್ತಗಾಗಿ ಕೊಕ್ಕು ಜೋತು ಬೀಳ್ತದೆ, ಆಗ ರಾಳ ಹೆಚ್ಚಿಸಿ, ಎಣ್ಣೆ ಕಡಿಮೆ ಮಾಡಿ.

ಮೇಣದ ಮೇಲಿನ ಮೊದಲ ಲೇಪಕ್ಕೆ ಹುತ್ತದ ಮಣ್ಣನ್ನು ಬಟ್ಟೆಯಲ್ಲಿ ಸೋಸಿ, ಸೆಗಣಿನೀರಿನಲ್ಲಿ ಕಲಸಿ ದೋಸೆಹಿಟ್ಟಿನ ಹದಕ್ಕೆ ತಂದು ಬ್ರಷ್ಷಿನಲ್ಲಿ ಬಳಿಯಬೇಕು. ಗುಳ್ಳೆ ಉಳಿದರೆ ಅದೇ ಲೋಹದಲ್ಲಿ ಗುಂಡು ಗುಂಡಾಗಿ ಮೂಡ್ತದೆ. ಎರಡನೆಯದಕ್ಕೆ ಮರಳು, ಮೂರನೆಯದಕ್ಕೆ ಭತ್ತದ ಹೊಟ್ಟು ಸೇರಿಸಿ ದಪ್ಪ ಮಾಡಿ. ಹೊಟ್ಟು ಸುಟ್ಟುಹೋದ ಜಾಗದಲ್ಲಿ ಆಗುವ ಸಣ್ಣ ತೂತುಗಳಿಂದಲೇ ಅಚ್ಚು ಉಸಿರಾಡುವುದು. ಪ್ರತಿ ಲೇಪವೂ ನೆರಳಿನಲ್ಲಿ ಪೂರ್ತಿ ಒಣಗಬೇಕು. ಬಿಸಿಲಿಗಿಟ್ಟರೆ ಬಿರಿಯುತ್ತದೆ, ಒಳಗಿನ ಮೇಣವೂ ಇಳಿಯುತ್ತದೆ.

ಮಳೆಗಾಲದಲ್ಲಿ ಎರಕ ಬೇಡ ಅನ್ನುವುದು ಶಾಸ್ತ್ರಕ್ಕಲ್ಲ. ಅಚ್ಚಿನಲ್ಲಿ ತೇವ ಉಳಿದರೆ 1,100 ಡಿಗ್ರಿಯ ಲೋಹ ಮುಟ್ಟಿದ ಕೂಡಲೇ ಆವಿಯಾಗಿ ಲೋಹವನ್ನು ಹಿಂದಕ್ಕೆ ಮುಖಕ್ಕೆ ಉಗುಳ್ತದೆ. ಅಷ್ಟಾಗದಿದ್ದರೂ ಒಳಗೆಲ್ಲ ಗಾಳಿಗೂಡು. ಮೇಣ ಇಳಿಸಿದ ಮೇಲೆ ಅಚ್ಚನ್ನು ಕೆಂಪಗೆ ಕಾಯಿಸಿ, ಬಿಸಿ ಇರುವಾಗಲೇ ಹೊಯ್ಯಿರಿ. ಕೊಕ್ಕು ಮೇಲಾಗಿ ಅಚ್ಚು ನಿಲ್ಲಿಸಿದರೆ ತುದಿಯಲ್ಲಿ ಗಾಳಿ ಸಿಕ್ಕಿ ಲೋಹ ಹೋಗದೆ ಗಿಡ್ಡ ಕೊಕ್ಕಿನ ಹಕ್ಕಿ ಹುಟ್ತದೆ. ಕೊಕ್ಕು ಕೆಳಗೆ, ಕತ್ತು ಮೇಲೆ, ಕಣ್ಣಿನ ಹುಬ್ಬಿನಿಂದ ಒಂದು ಗಾಳಿದಾರಿ.

ನಿಮ್ಮ ಬೋಟಿನ ಫ್ಯಾನನ್ನೇ ಕರಗಿಸಬಹುದು. ಮೂಸೆಯಿಂದ ದಟ್ಟ ಬಿಳಿ ಹೊಗೆ ಎದ್ದರೆ ಅದರಲ್ಲಿ ಸತು ಉಂಟು ಅಂತ ತಿಳಿಯಿರಿ, ಸತು 907 ಡಿಗ್ರಿಯಲ್ಲೇ ಕುದಿಯುತ್ತದೆ. ಬೇಗ ಕರಗಿಸಿ ಬೇಗ ಹೊಯ್ಯಬೇಕು, ಗಾಳಿಗೆ ಬೆನ್ನು ಹಾಕಿ ನಿಲ್ಲಬೇಕು. ಹಳೆಯ ಕಂಚಿನ ಬಟ್ಟಲು, ಗಂಟೆಯ ಚೂರು ಇದಕ್ಕೆ ಸೇರಿಸಬೇಡಿ. ಅದರಲ್ಲಿ ತವರ 20 ಶೇಕಡಾ ದಾಟಿರ್ತದೆ, ನಾದಕ್ಕೆ ಒಳ್ಳೆಯದು, ಕೊಕ್ಕಿನಂಥ ಸಪೂರ ಭಾಗ ಒಂದು ಪೆಟ್ಟಿಗೆ ಮುರೀತದೆ.

ಕುಡ್ಲದ_ಗುಜರಿ:

ಚೈನು ಗುಜರಿಗೇ ವಾಪಸು ಹೋಯ್ತು ಅಂತ ಲೆಕ್ಕ. 40 ಎಂ.ಎಂ. ರಾಡ್ ಕಣ್ಣಿಗೆ ದಪ್ಪ ಕಾಣುವುದಿಲ್ವಾ? ಮತ್ತೆ ಕಾಲಿನ ನಡುವಿನ ಆ ಗಂಟಿನ ಹತ್ತಿರ ಕತ್ತರಿಸಿ ವೆಲ್ಡ್ ಮಾಡುವುದಾ, ಕಾಯಿಸಿ ಬಗ್ಗಿಸುವುದಾ?

ಉಪ್ಪುಗಾಳಿ:

ಬುಡದಿಂದ ಗಂಟಿನವರೆಗೆ 40 ಇರಲಿ. ಗಂಟು ಅರ್ಧ ಮೀಟರ್ ಎತ್ತರದಲ್ಲಿ ಬಂದರೆ ಅಲ್ಲಿಂದ ಮೇಲೆ 32 ಸಾಕು, ಒತ್ತಡ 147 ಆಗ್ತದೆ. ಮೇಲೆ ಸಪೂರ, ಕೆಳಗೆ ದಪ್ಪ ಆಗುವುದು ಹಕ್ಕಿಗೆ ಸರಿಯಲ್ಲ ಅನಿಸಿದರೆ ಪೂರ್ತಿ 36 ಹಾಕಿ, ಬುಡದಲ್ಲಿ 168, ನಡೀತದೆ. ಅದಕ್ಕಿಂತ ಇಳಿಯಬೇಡಿ.

ಆರ್ಕ್_ಕಿಡಿ:

ಒಂದೇ ಅಳತೆಯ ರಾಡ್ ಆದರೆ ಬಗ್ಗಿಸಿ, ಗಂಟಿನಲ್ಲಿ ಜಾಯಿಂಟ್ ಬೇಡ. ಗಾಳಿಗೆ ಹಕ್ಕಿ ತೂಗಾಡ್ತಾ ಇರ್ತದೆ, ಬಿರುಕು ಬರುವುದು ವೆಲ್ಡಿನ ಅಂಚಿನಲ್ಲೇ. ಗ್ಯಾಸಿನಲ್ಲಿ ಆರು ಇಂಚು ಉದ್ದಕ್ಕೆ ಸುತ್ತಲೂ ಸಮಾ ಕಾಯಿಸಿ, ಚೆರ್ರಿ ಕೆಂಪು ಬಂದ ಮೇಲೆ ಒಂದೇ ಎಳೆತಕ್ಕೆ ಬಗ್ಗಿಸಿ. ಬಾಗಿನ ಒಳ ಸುತ್ತು ರಾಡಿನ ದಪ್ಪದ ಎರಡು ಪಟ್ಟಿಗಿಂತ ಕಡಿಮೆ ಬೇಡ. ಕೆಂಪು ಹೋದ ಮೇಲೂ ಎಳೆದರೆ ಹೊರಬದಿ ಸೀಳ್ತದೆ. ನೀರು ಹೊಯ್ಯಬೇಡಿ, ತಾನಾಗಿ ತಣಿಯಲಿ. ಗಂಟಿನ ಉಬ್ಬು ಬೇಕಾದರೆ ಬೇರೆ ಎರಡು ಅರ್ಧ ಗೋಲ ಮಾಡಿ ಹೊರಗಿಂದ ಮುಚ್ಚಿ, ಕೆಳಬದಿಯಲ್ಲಿ ನೀರಿಗೆ ತೂತು ಬಿಡಲಿಕ್ಕೆ ಮರೀಬೇಡಿ. ಆ ಅರ್ಧಗೋಲವನ್ನು ರಾಡಿಗೆ ಸುಡಬೇಡಿ. ಒಂದಕ್ಕೊಂದು ಸುಡಿ, ರಾಡ್ ಒಳಗೆ ಬಿಡುಬಿಡಾಗಿರಲಿ. ಸಂದಿಗೆ ಪೇಂಟಿನ ಮೇಲೆ ಪಾಲಿಯುರೆಥೇನ್ ಸೀಲಂಟ್ ತುಂಬಿ.